ಕಾಕುನ ಸಿಪ್ಪಿ, ನಮ್ಮ ಕೋಳಿ

"ತಮ್ಮಾ, ಗಜ್ಜರಿ ಸಿಪ್ಪಿ ಬೇಲಿ ಸಂದ್ಯಾಗ ಸುರವೀನಿ ನೋಡು. ನಿಮ್ಮ ಪಕ್ಷಿಗೋಳ್ನ ಕರಿ."

ಬೇಲಿಯಾಚೆಯ ಕಾಕು ಕೋಳಿಗೆ ಕೋಳಿ ಅನ್ನುವವರಲ್ಲ. ಕೊರಳಲ್ಲಿ ಲಿಂಗ, ಸೋಮವಾರ ಒಪ್ಪತ್ತು, ಆದಾಗೊಮ್ಮೆ ಅಮಾಸಿಗೆ ಗುಡ್ಡಾಪುರದ ದಾನಮ್ಮನ ದರ್ಶನ. ತತ್ತಿಯ ಚಿತ್ರ ಇರುವ ಕ್ಯಾಲೆಂಡರು ಸಹ ಅವರ ಹೊಸ್ತಿಲು ದಾಟಲಾರದು. ಆದರೂ ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಗಡಿಯೂರು ಉಮದಿಯ ನಮ್ಮ ಓಣಿಯಲ್ಲಿ ನನ್ನ ಕೋಳಿಗಳ ಹೊಟ್ಟೆಯ ಕಾಳಜಿ ಅವರಷ್ಟು ಮಾಡುವವರು ಯಾರೂ ಇಲ್ಲ. ಹೆರೆದ ಗಜ್ಜರಿ, ಮೂಲಂಗಿ ತಪ್ಪಲು, ಬಟಾಟಿ ಸಿಪ್ಪಿ, ಮೆತ್ತಗಾದ ಬದನೆಕಾಯಿ, ನಿನ್ನೆಯ ಖಡಕ್ ರೊಟ್ಟಿಯ ಚೂರು, ಎಲ್ಲಕ್ಕೂ ದಾರಿ ಆ ಜಾಲಿಮುಳ್ಳಿನ ಬೇಲಿಯ ಸಂದು. ಕೊಡುವವರಿಗೆ ಕೇಳುವ ಹಕ್ಕೂ ಇರುತ್ತದೆ. ಕಾಕು ಅದನ್ನು ಬಿಟ್ಟುಕೊಡುವವರೂ ಅಲ್ಲ.

"ಇಷ್ಟೆಲ್ಲ ಫುಕಟ್ ಹಾಕ್ತೀನಿ, ಮತ್ತ ನೀ ಚಡಚಣಕ್ಕ ಹೋಗಿ ಚೀಲದ ಫೀಡ್ ಯಾಕ ತರ್ತಿ? ನಮ್ಮ ಆಕಳಾ ಒಣಾ ಕಣಕಿ ತಿಂದು ಹಾಲ ಕೊಡ್ತದ. ನಿನ್ನವೇನು ಮಹಾರಾಣಿಗೋಳು, ಅವಕ್ಕ ಬ್ಯಾರೆ ಅಡಗಿ?"

ಪ್ರಶ್ನೆ ಬರೋಬ್ಬರಿ ಇದೆ. ಉತ್ತರ ಆಕಳ ಹೊಟ್ಟೆಯಿಂದಲೇ ಶುರುವಾಗಬೇಕು. ಆಕಳಿಗೆ ಹೊಟ್ಟೆಯಲ್ಲಿ ನಾಲ್ಕು ಕೋಣೆ. ಮೊದಲ ಕೋಣೆಯೊಳಗೆ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಬಿಡಾರ ಹೂಡಿರುತ್ತವೆ. ಕಣಕಿಯ ನಾರನ್ನು ಒಡೆಯುವುದು ಅವುಗಳ ಕೆಲಸ. ಒಡೆದದ್ದನ್ನು ಉಣ್ಣುವುದು ಆಕಳಿನ ಕೆಲಸ. ಒಡೆಯದೆ ಉಳಿದದ್ದು ಬಾಯಿಗೆ ಬಂದು ಮೆಲುಕಾಗಿ ಮತ್ತೆ ಒಳಗೆ ಹೋಗುತ್ತದೆ. ಅವಸರವಿಲ್ಲದ ಸಂಸಾರ ಅದು.

ಕೋಳಿಗೆ ಈ ಭಾಗ್ಯ ಇಲ್ಲ. ಹಲ್ಲಂತೂ ಮೊದಲೇ ಇಲ್ಲ. ನುಂಗಿದ್ದು ಕೊರಳ ಬುಡದ ಚೀಲದಲ್ಲಿ ಒಂದಿಷ್ಟು ನೆನೆದು, ಹೊಟ್ಟೆಯ ಹುಳಿ ಕೂಡಿಕೊಂಡು, ದಪ್ಪ ಮಾಂಸದ ಗಟ್ಟಿ ಚೀಲವೊಂದಕ್ಕೆ ಇಳಿಯುತ್ತದೆ. ಅಲ್ಲಿ ಹೆಕ್ಕಿ ನುಂಗಿದ ಮುರುಮಿನ ಹರಳುಗಳೇ ಹಲ್ಲು. ಅರೆದದ್ದು ಮುಂದೆ ಸಾಗಿತು ಅಂದರೆ ಮುಗಿಯಿತು. ಬಾಯಿಂದ ಬಾಲದವರೆಗೆ ಬಹಳ ಅಂದರೆ ಕೆಲವು ತಾಸಿನ ಮಾತು. ಕರುಳಿನ ಕೊನೆಗೆ ಎರಡು ಕುರುಡು ಕರುಳುಗಳಿದ್ದು ಅಲ್ಲಿ ನಾರು ಸ್ವಲ್ಪ ಕೊಳೆಯುತ್ತದೆ, ಆದರೆ ಅದರಿಂದ ಬರುವುದು ಚಿಲ್ಲರೆ ಕಾಸು. ತತ್ತಿ ಇಡುವ ಕೋಳಿಯ ಆಹಾರದಲ್ಲಿ ನೂರಕ್ಕೆ ಆರೇಳು ಪಾಲು ನಾರು ಇದ್ದರೆ ಅದಕ್ಕೆ ಸುಖ. ಜೋಳದ ಕಣಕಿಯಲ್ಲಿ ನಾರು ಮೂವತ್ತರ ಆಸುಪಾಸು. ಸಿಪ್ಪೆ ಸಮೇತ ಗಾಣಕ್ಕೆ ಹಾಕಿದ ಕುಸುಬಿಯ ಹಿಂಡಿಯೂ ಅದೇ ಲೆಕ್ಕದ್ದು. ಕೋಳಿಗೆ ಕಣಕಿ ಹಾಕಿದರೆ ಅದು ಉಪವಾಸವನ್ನೇ ಹೊಟ್ಟೆ ತುಂಬ ಉಂಡಂತೆ.

"ಹಂಗಾರ ನಾರು ಬ್ಯಾಡೇ ಬ್ಯಾಡ ಅನ್ನು."

"ಹಂಗೂ ಅಲ್ಲರೀ ಕಾಕೂ. ಜರಾ ಬೇಕು."

ಬರೀ ಹಿಟ್ಟು ತಿಂದು ಬೆಳೆದ ಕೋಳಿಯ ಆ ಮಾಂಸದ ಚೀಲ ಸಣ್ಣಗೆ, ಸಡಿಲಾಗಿ ಉಳಿಯುತ್ತದೆ. ಒಂದಿಷ್ಟು ಒರಟು ಹೊಟ್ಟು, ಸಿಪ್ಪೆ ಬಿದ್ದರೆ ಅದು ದಪ್ಪವಾಗುತ್ತದೆ, ಕಾಳು ಚೆನ್ನಾಗಿ ಅರೆಯುತ್ತದೆ. ಇನ್ನೊಂದು ಲಾಭ ಕಣ್ಣಿಗೇ ಕಾಣುವಂಥದು. ಕೆಲಸವಿಲ್ಲದ ಕೋಳಿ ಪಕ್ಕದ ಕೋಳಿಯ ಪುಕ್ಕ ಕೀಳುತ್ತದೆ, ರಕ್ತ ಕಂಡರೆ ಬಿಡುವುದಿಲ್ಲ. ದೊಡ್ಡ ಫಾರಂಗಳಲ್ಲಿ ಮರಿಯಿರುವಾಗಲೇ ಕೊಕ್ಕು ಕತ್ತರಿಸುವುದು ಇದಕ್ಕೇ. ನಾನು ಮಾಡುವುದಿಷ್ಟೆ: ಮೂಲಂಗಿ ತಪ್ಪಲನ್ನು ಸೂಡು ಕಟ್ಟಿ, ಗೂಡಿನ ಜಂತಿಗೆ ಕೋಳಿ ಕತ್ತೆತ್ತಿದರೆ ಸಿಗುವಷ್ಟು ಎತ್ತರಕ್ಕೆ ತೂಗಹಾಕುತ್ತೇನೆ. ಕತ್ತೆತ್ತಿ ಕುಕ್ಕುವುದರಲ್ಲಿ ಮುಂಜಾನೆ ಕಳೆಯುತ್ತದೆ. ಅಷ್ಟೂ ಹೊತ್ತು ಯಾರ ಪುಕ್ಕದ ಮೇಲೂ ಯಾರಿಗೂ ಕಣ್ಣಿಲ್ಲ. ಹುಂಜನೊಬ್ಬ ಮಾತ್ರ ದೂರ ನಿಂತು ಇದೆಲ್ಲ ತನ್ನ ಘನತೆಗೆ ತಕ್ಕದ್ದಲ್ಲ ಎಂಬಂತೆ ನೋಡುತ್ತಾನೆ. ಎಲ್ಲರೂ ತಿಂದು ಹೋದ ಮೇಲೆ ಕದ್ದು ಬಂದು ದಂಟು ಕಚ್ಚುತ್ತಾನೆ. ಒಂದು ಎಚ್ಚರ ಮಾತ್ರ ಇರಲಿ. ಒಣಗಿದ ಉದ್ದ ಹುಲ್ಲು ನುಂಗಿದರೆ ಕೊರಳ ಚೀಲದಲ್ಲಿ ಸಿಂಬಿ ಸುತ್ತಿ ಕೂತು ದಾರಿ ಕಟ್ಟುತ್ತದೆ. ಹುಲ್ಲು ಹಾಕುವುದಾದರೆ ಸಣ್ಣಗೆ ಕೊಚ್ಚಿ ಹಾಕಬೇಕು.

ಇನ್ನು ಕಾಕುನ ಗಜ್ಜರಿಗೆ ಬರೋಣ. ಕಿಲೋ ಗಜ್ಜರಿಯಲ್ಲಿ ಹೆಚ್ಚುಕಡಿಮೆ 880 ಗ್ರಾಂ ನೀರು. ಮೂಲಂಗಿಯಲ್ಲಿ ಇನ್ನೂ ಜಾಸ್ತಿ, 950ರ ಹತ್ತಿರ. ಬಟಾಟಿಯಲ್ಲಿ 800, ಗೆಣಸಿನಲ್ಲಿ 700. ತತ್ತಿ ಇಡುವ ಕೋಳಿಗೆ ದಿನಕ್ಕೆ 110 ಗ್ರಾಂ ಆಸುಪಾಸು ಒಣ ಆಹಾರ ಬೇಕು. ಅದನ್ನು ಗಜ್ಜರಿಯಿಂದಲೇ ತುಂಬಿಸುತ್ತೇನೆ ಅಂದರೆ ಒಂದೊಂದು ಕೋಳಿಯೂ ಮುಕ್ಕಾಲು ಕಿಲೋ ದಾಟಿ ತಿನ್ನಬೇಕಾದೀತು, ಅಂದರೆ ತನ್ನ ಮೈತೂಕದ ಅರ್ಧಕ್ಕೂ ಮೇಲೆ. ಆ ಪುಟ್ಟ ಹೊಟ್ಟೆಯಲ್ಲಿ ಅಷ್ಟಕ್ಕೆ ಜಾಗ ಎಲ್ಲಿ? ಬೇಸಿಗೆಯಲ್ಲಿ ನೀರಿನಂಶದ ಸಿಪ್ಪೆ ತಂಪಿಗೆ ಒಳ್ಳೆಯದು, ಬಾಯಿ ರುಚಿಗೂ ಒಳ್ಳೆಯದು. ಹೊಟ್ಟೆ ತುಂಬಿಸುವ ಕೆಲಸಕ್ಕೆ ಗಡ್ಡೆಗಳೊಳಗೆ ನಾನು ನಂಬುವುದು ಗೆಣಸನ್ನು.

ಗೆಣಸು ನಮ್ಮ ಪೇಟೆಗೆ ಶಿವರಾತ್ರಿಗೆ ಧಾರಾಳವಾಗಿ ಬರುತ್ತದೆ. ಅದರ ದೊಡ್ಡ ಬೆಳೆ ಬೆಳಗಾವಿ ಸೀಮೆಯದು. ಶಿವರಾತ್ರಿ ಮರುದಿನ ಕಾಕುನ ಮನೆಯಿಂದ ಬೆಂದ ಗೆಣಸಿನ ಸಿಪ್ಪಿ, ತುದಿ, ಹುಳ ಹೊಕ್ಕ ಅರ್ಧಗಳು ಬುಟ್ಟಿಗಟ್ಟಲೆ ಬೇಲಿ ದಾಟುತ್ತವೆ. ಹುಳ ಕೊರೆದು ಕಪ್ಪಾಗಿ ಕಹಿ ವಾಸನೆ ಹೊಡೆಯುವ ಭಾಗವನ್ನು ಮಾತ್ರ ಕೊಯ್ದು ಬಿಸಾಡುತ್ತೇನೆ, ಕೋಳಿಗೂ ಅದು ಸಲ್ಲದು. ಹಸಿ ಗೆಣಸಿನೊಳಗೆ ಪ್ರೋಟೀನ್ ಪಚನವಾಗದಂತೆ ತಡೆಯುವ ಅಂಶವೊಂದಿದೆ, ಕುದಿಸಿದರೆ ಅದು ಸಾಯುತ್ತದೆ. ಬಟಾಟಿಯ ಪಿಷ್ಟವೂ ಅಷ್ಟೆ, ಹಸಿಯಾಗಿದ್ದರೆ ಕೋಳಿಯ ಹೊಟ್ಟೆಯಲ್ಲಿ ಕರಗುವುದು ಕಷ್ಟ, ಬೆಂದರೆ ಸಲೀಸು. ಬಿಸಿಲು ಬಿದ್ದು ಹಸಿರು ತಿರುಗಿದ ಬಟಾಟಿ, ಅದರ ಮೊಳಕೆ ವಿಷ. ಕುದಿಸಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಕುದಿಸಿದ ನೀರನ್ನೂ ಚೆಲ್ಲಿಬಿಡಬೇಕು.

"ಶಿವರಾತ್ರ್ಯಾಗ ಬರೋಬ್ಬರಿ ಗೆಣಸ ತಿಂದು ನಿನ್ನ ಪಕ್ಷಿಗೋಳು ಏಸು ಇಟ್ವು?" ಕಾಕು ತತ್ತಿ ಅನ್ನದೆ ತತ್ತಿಯ ಲೆಕ್ಕ ಕೇಳುವುದರಲ್ಲಿ ನಿಪುಣರು.

"ಕಮ್ಮಿ ಆದ್ವರೀ."

ಕಮ್ಮಿ ಆಗಲೇಬೇಕು. ಗೆಣಸು ಕೊಡುವುದು ಶಕ್ತಿ. ಒಣಗಿಸಿದ ಗೆಣಸು ಶಕ್ತಿಯಲ್ಲಿ ಜೋಳದ ಸಮೀಪಕ್ಕೆ ನಿಲ್ಲುತ್ತದೆ. ಆದರೆ ತತ್ತಿ ಆಗುವುದು ಬರೀ ಶಕ್ತಿಯಿಂದಲ್ಲ. ಒಂದು ತತ್ತಿಯೊಳಗೆ ಆರು ಗ್ರಾಂ ಪ್ರೋಟೀನ್ ಇರುತ್ತದೆ, ಅದನ್ನು ಕಟ್ಟುವುದಕ್ಕೆ ಕೋಳಿಯ ಹೊಟ್ಟೆಗೆ ದಿನಕ್ಕೆ ಹದಿನಾರು ಹದಿನೇಳು ಗ್ರಾಂ ಬೀಳಬೇಕು. ನೂರು ಗ್ರಾಂ ಹಸಿ ಗೆಣಸಿನಲ್ಲಿ ಇರುವುದು ಒಂದೂವರೆ ಗ್ರಾಂ. ಜೋಳದಲ್ಲಿ ಹತ್ತು. ಹಾಗಾಗಿ ಜೋಳ ತೆಗೆದು ಗೆಣಸು ಹಾಕಿದಷ್ಟೂ ಶೇಂಗಾ ಹಿಂಡಿಯೋ ಸೋಯಾ ಹಿಂಡಿಯೋ ಹೆಚ್ಚಿಸುತ್ತ ಹೋಗಬೇಕು. ಗಡ್ಡೆಯಲ್ಲಿ ಉಳಿಸಿದ ರೊಕ್ಕ ಹಿಂಡಿಯಲ್ಲಿ ಹೋಗುತ್ತದೆ. ಶೇಂಗಾ ಹಿಂಡಿಯದೂ ಒಂದು ಕಿರಿಕಿರಿ ಇದೆ: ಸ್ವಲ್ಪ ಥಂಡಿ ಹಿಡಿದರೆ ಬೂಷ್ಟು ಕಟ್ಟುತ್ತದೆ, ಆ ಬೂಷ್ಟಿನ ವಿಷ ಕೋಳಿಯ ಪಿತ್ತಜನಕಾಂಗವನ್ನು ತಿನ್ನುತ್ತದೆ. ಕೊಳ್ಳುವಾಗ ಮೂಗಿಗೆ ಹಿಡಿದು ನೋಡದೆ ಕೊಳ್ಳಬಾರದು.

ಮನೆಯ ಸಿಪ್ಪೆಯ ಮೇಲೆ ಕೋಳಿ ಸಾಕುವ ಪ್ರಯೋಗವನ್ನು ಒಂದು ದೇಶವೇ ಮಾಡಿದ್ದುಂಟು. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರಿಟನ್ನಿನಲ್ಲಿ ತತ್ತಿಗೂ ರೇಶನ್ ಬಂತು, ಆಳಿಗೆ ವಾರಕ್ಕೊಂದು, ಅದೂ ಸಿಕ್ಕರೆ. ಹಿತ್ತಲಲ್ಲಿ ಕೋಳಿ ಸಾಕುವವರು ತಮ್ಮ ಪಾಲಿನ ತತ್ತಿಯ ಹಕ್ಕು ಬಿಟ್ಟುಕೊಟ್ಟರೆ ಸರಕಾರ ಅದರ ಬದಲು ಕೋಳಿಗೆ ಹಿಟ್ಟು ಕೊಡುತ್ತಿತ್ತು. ಮನೆಯ ಬಟಾಟಿ ಸಿಪ್ಪೆ ಕುದಿಸಿ, ಹಿಸುಕಿ, ಆ ಹಿಟ್ಟು ಕಲಸಿ ಹಾಕುವುದು ಅಲ್ಲಿಯ ಹೆಂಗಸರ ದಿನನಿತ್ಯದ ಕೆಲಸವಾಗಿತ್ತು. ಸಿಪ್ಪೆ ಇವರದು, ಪ್ರೋಟೀನ್ ಸರಕಾರದ್ದು. ಬರೀ ಸಿಪ್ಪೆಯ ಮೇಲೆ ಕೋಳಿ ನಿಲ್ಲುವುದಿಲ್ಲ ಎಂದು ಯುದ್ಧದ ನಡುವೆಯೂ ಯಾರೋ ಲೆಕ್ಕ ಹಾಕಿ ಕೂತಿದ್ದರು ನೋಡಿ.

ಈ ಕತೆ ಹೇಳಿದಾಗ ಕಾಕು, "ನಮಗ ಬಹಾತ್ತರನ ಬರದಾಗ ಮನಶ್ಯಾರಿಗೇ ಹಂಗ ಲೆಕ್ಕ ಹಾಕಿ ಕೊಟ್ಟಾರಪಾ" ಅಂದರು. 1972ರ ಬರವನ್ನು ಈ ಕಡೆ ಯಾರೂ ಮರೆತಿಲ್ಲ. ರೋಡಿಗೆ ಖಡಿ ಒಡೆದವರಿಗೆ ಸುಕಡಿ ಎಂಬ ಪೌಷ್ಟಿಕ ತಿನಿಸು, ರೇಶನ್ನಿಗೆ ಅಮೆರಿಕದ ಕೆಂಪು ಮಿಲೋ ಜೋಳ. ಬಿಳಿಜೋಳದ ರೊಟ್ಟಿ ಉಂಡ ನಾಲಿಗೆಗೆ ಅದು ಹಿಡಿಸಲಿಲ್ಲ ಎಂಬುದನ್ನು ಕಾಕು ಇವತ್ತಿಗೂ ಮುಖ ಕಿವುಚಿ ತೋರಿಸುತ್ತಾರೆ.

ಜೋಳದ ಮಾತು ಬಂದಾಗ ನಮ್ಮವರ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಬದಿಯ ಮಂಗಳವೇಢೆಯ ಮಾಲದಂಡಿ ಜೋಳಕ್ಕೆ 2016ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಊರೂರಿನ ಹಿಂಗಾರಿ ಹೊಲದಲ್ಲಿ ನಿಂತಿರುವ ಎಂ 35-1 ತಳಿ ಸೋಲಾಪುರ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರದಲ್ಲಿ ಆರಿಸಿದ್ದು, 1930ರ ದಶಕದ ಮಾತು. ಇಂಥ ಬಿಳಿಜೋಳ ಕೋಳಿಗೂ ಉತ್ತಮ, ಒಗರಿನ ಟ್ಯಾನಿನ್ ಇಲ್ಲವೆಂಬಷ್ಟು ಕಮ್ಮಿ. ಒಂದೇ ಕೊರತೆ, ತಿಂದ ಕೋಳಿಯ ತತ್ತಿ ಒಡೆದರೆ ಒಳಗಿನ ಹಳದಿ ಬಿಳಚಿಕೊಂಡಿರುತ್ತದೆ. ಪುಣೆ, ಸೋಲಾಪುರದಿಂದ ಬರುವ ಬೀಗರು ಅದನ್ನು ನೋಡಿ ‘ಇದು ಜವಾರಿ ಅಲ್ಲ ಬಿಡ್ರಿ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಅವರ ಮನಸ್ಸಿನಲ್ಲಿ ಜವಾರಿ ಅಂದರೆ ಕೇಸರಿ ಬಣ್ಣ.

ಗಜ್ಜರಿ ಹಾಕಿದರೆ ಹಳದಿ ಗಾಢ ಆಗುತ್ತದೆ ಎಂದು ಹೇಳದವರು ಇಲ್ಲ. ಆಗುವುದಿಲ್ಲ, ಆದರೂ ಅಷ್ಟರಲ್ಲೇ. ಗಜ್ಜರಿಯ ಕೆಂಪನ್ನು ಕೋಳಿ ತನ್ನ ಮೈಯೊಳಗೆ ಎ ಜೀವಸತ್ವ ಮಾಡಿಕೊಂಡುಬಿಡುತ್ತದೆ. ತತ್ತಿಗೆ ಬಣ್ಣವಾಗಿ ಇಳಿಯುವುದು ಅತಿ ಕಮ್ಮಿ. ಹಾಗಂತ ಅದು ನಷ್ಟವಲ್ಲ, ಎ ಜೀವಸತ್ವ ಇಲ್ಲದ ಕೋಳಿಯ ಕಣ್ಣು ಊದಿ, ಕೀವು ಗಿಣ್ಣದಂತೆ ಗಟ್ಟಿಯಾಗಿ ರೆಪ್ಪೆ ಅಂಟುತ್ತದೆ. ಬಣ್ಣ ಕೊಡುವವು ಬೇರೆ: ಹಳದಿ ಮೆಕ್ಕೆಜೋಳ, ಕುದುರೆ ಮಸಾಲೆ ಸೊಪ್ಪು, ನುಗ್ಗೆ ಸೊಪ್ಪು, ಮತ್ತೆ ಚೆಂಡು ಹೂ. ದೊಡ್ಡ ಫೀಡ್ ಕಂಪನಿಗಳು ಹಳದಿಗಾಗಿ ಬೆರೆಸುವುದೂ ಚೆಂಡು ಹೂವಿನ ಸಾರವನ್ನೇ.

ದಸರಾ ದೀಪಾವಳಿಗೆ ಕಾಕುನ ಹಿತ್ತಲಿನ ಚೆಂಡು ಹೂ ಬಾಗಿಲ ತೋರಣವಾಗಿ, ಟ್ರಾಕ್ಟರಿನ ಮಾಲೆಯಾಗಿ, ಎಂಟು ದಿನಕ್ಕೆ ಬಾಡಿ ತಿಪ್ಪೆಗೆ ಹೋಗುತ್ತಿತ್ತು. ಈಗ ನನ್ನ ಕಡೆ ಬರುತ್ತದೆ. ನೆರಳಿಗೆ ಒಣಗಿಸಿ ಎಸಳು ಬಿಡಿಸಿ, ಅಂಗೈಯಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ. ಒಂದು ಚಿಟಿಕೆ ಹಿಟ್ಟಿಗೆ ಕಲಸಿ ಹಾಕುತ್ತ ಹೋದರೆ ಎರಡು ವಾರದೊಳಗೆ ಹಳದಿಗೆ ರಂಗು ಏರುತ್ತದೆ. ಪೇಟೆಯಲ್ಲಿ ಕೊಂಡ ಹೂ ಮಾತ್ರ ಬೇಡ, ಅದಕ್ಕೆ ಎಷ್ಟು ಸಲ ಔಷಧ ಹೊಡೆದಿರುತ್ತಾರೋ ದೇವರೇ ಬಲ್ಲ. ಹೀಗೆ ಲಕ್ಷ್ಮೀಪೂಜೆಯ ಹೂವು ಬೀಗರ ಆಮ್ಲೆಟ್ಟಿಗೆ ಬಣ್ಣವಾಗುವ ದಾರಿಯನ್ನು ಕಾಕುಗೆ ವಿವರಿಸುವ ಧೈರ್ಯ ನನಗಿಲ್ಲ. "ಪಕ್ಷಿಗೆ ಕಣ್ಣಿಗೆ ಛಲೋ" ಅಂತಷ್ಟೇ ಹೇಳಿದ್ದೇನೆ. ಅದೂ ಸುಳ್ಳಲ್ಲ.

ಉಪವಾಸದ ಇನ್ನೊಂದು ಸಾಮಾನು ಸಾಬುದಾಣಿ. ನಮ್ಮದು ಗಡಿ ಊರಾದ್ದರಿಂದ ಶಿವರಾತ್ರಿಯ ಗೆಣಸೂ ಬೇಕು, ಪಂಢರಪುರದ ಏಕಾದಶಿಯ ಸಾಬುದಾಣಿ ಖಿಚಡಿಯೂ ಬೇಕು. ಸಾಬುದಾಣಿ ಗಿಡದಲ್ಲಿ ಬಿಡುವ ಕಾಳು ಎಂದೇ ಕಾಕು ಬಹಳ ದಿನ ನಂಬಿದ್ದರು. ಅದು ಮರಗೆಣಸಿನ ಹಾಲಿನಿಂದ ಉರುಳಿಸಿ ಹುರಿದ ಗುಳಿಗೆ. ದಕ್ಷಿಣ ಅಮೆರಿಕದ ಈ ಗಡ್ಡೆಯನ್ನು ತಿರುವಾಂಕೂರಿನ ಬಡವರ ಹೊಟ್ಟೆಗಾಗಿ ಬೆಳೆಸಲು ಹಚ್ಚಿದ ಖ್ಯಾತಿ 1880ರಿಂದ 1885ರವರೆಗೆ ಆಳಿದ ವಿಶಾಖಂ ತಿರುನಾಳ್ ಮಹಾರಾಜರದು. ಸಾಬುದಾಣಿ ಕಾರ್ಖಾನೆಗಳು 1940ರ ದಶಕದಿಂದ ತಮಿಳುನಾಡಿನ ಸೇಲಂನಲ್ಲಿ ಬೆಳೆದವು. ಹಾಲು ಹಿಂಡಿ ಉಳಿದ ನಾರಿನ ಹಿಪ್ಪೆಯನ್ನು ಒಣಗಿಸಿ ದನಕ್ಕೆ, ಕೋಳಿಗೆ ಮಾರುತ್ತಾರೆ. ದೇಶಕ್ಕೆಲ್ಲ ತತ್ತಿ ಕಳಿಸುವ ನಾಮಕ್ಕಲ್ ಇರುವುದು ಸೇಲಂನ ಮಗ್ಗುಲಲ್ಲೇ. ಅಂದರೆ ಗಡ್ಡೆಯ ತಿರುಳು ಏಕಾದಶಿಯವರಿಗೆ, ಹಿಪ್ಪೆ ತತ್ತಿಯವರಿಗೆ.

ಮರಗೆಣಸಿನಲ್ಲಿ ಒಂದು ವಿಷವಿದೆ, ಸೈನೈಡು. ಸಿಪ್ಪೆಯಲ್ಲಿ, ಎಲೆಯಲ್ಲಿ ಹೆಚ್ಚು. ಸಿಪ್ಪೆ ಸುಲಿದು, ಸಣ್ಣಗೆ ಕೊಯ್ದು, ಕಡಕ್ ಬಿಸಿಲಿಗೆ ಒಣಗಿಸಿದರೆ ಬಹಳಷ್ಟು ಹಾರಿಹೋಗುತ್ತದೆ. ಇದನ್ನು ಹೇಳಿದರೆ ಕಾಕು ಬೆಚ್ಚುತ್ತಾರೆ ಅಂದುಕೊಂಡಿದ್ದೆ. ಬೆಚ್ಚಲಿಲ್ಲ.

"ನಮ್ಮ ಎಳೀ ಜ್ವಾಳದಾಗ ಇರ್ತದಲ್ಲ, ಅದs ಏನು?"

ಅದೇ. ಮಳೆ ಕೈಕೊಟ್ಟು ಬಾಡಿ ನಿಂತ ಮೊಣಕಾಲೆತ್ತರದ ಜೋಳಕ್ಕೆ ದನ ಬಾಯಿ ಹಾಕಿದರೆ ತಾಸಿನೊಳಗೆ ಉಸಿರುಗಟ್ಟಿ ಬೀಳುತ್ತದೆ ಎಂಬುದು ಇಲ್ಲಿ ದನ ಕಾಯುವ ಹುಡುಗನಿಗೂ ಗೊತ್ತು. ವಿಷ ಒಂದೇ, ಊರು ಬೇರೆ. ಈ ಅರಿವಿದ್ದವರಿಗೆ ಪುಸ್ತಕ ಓದಿ ಹೇಳುವುದು ಬಹಳ ಉಳಿಯುವುದಿಲ್ಲ. ಓದುವುದಕ್ಕೂ ಇಲ್ಲಿ ಸಿಗುವುದು ಕಮ್ಮಿಯೇ ಅನ್ನಿ. ನಾವು ಕನ್ನಡ ಶಾಲೆಯಲ್ಲಿ ಕಲಿತವರು, ಪಶುವೈದ್ಯ ಇಲಾಖೆಯ ಹಸ್ತಪತ್ರಿಕೆ ಮರಾಠಿಯದು, ಫೀಡಿನ ಚೀಲದ ಮೇಲಿನದು ಇಂಗ್ಲಿಷು. ಕೋಳಿಗಳು ಮಾತ್ರ ‘ಬಾ ಬಾ ಬಾ’ಕ್ಕೆ ಓಡಿ ಬರುತ್ತವೆ.

ಚೀಲದ ಫೀಡಿನ ಮೇಲೆ ಕಾಕುಗಿರುವ ಸಿಟ್ಟು ಸುಮ್ಮನೆಯದಲ್ಲ. ಅದರ ದರ ನಮ್ಮ ಕೈಯಲ್ಲಿಲ್ಲ. 2021ರಲ್ಲಿ ಸೋಯಾ ಹಿಂಡಿ ಆಕಾಶಕ್ಕೇರಿ, ಕೇಂದ್ರ ಸರಕಾರ ಹೊರದೇಶದಿಂದ 12 ಲಕ್ಷ ಟನ್ ತರಿಸಲು ಒಪ್ಪಿಗೆ ಕೊಡಬೇಕಾಯಿತು. ಆಮೇಲೆ ಮೆಕ್ಕೆಜೋಳ ಇಥೆನಾಲಿನ ದಾರಿ ಹಿಡಿಯಿತು. ಮೋಟಾರಿನ ಹೊಟ್ಟೆಗೂ ಕೋಳಿಯ ಹೊಟ್ಟೆಗೂ ಈಗ ಪೈಪೋಟಿ. ಇನ್ನು ಕೋಳಿಯಲ್ಲಿ ರೊಕ್ಕ ಮಾಡುತ್ತೇವೆ ಎಂದು ಹೊರಟವರ ಗತಿಯನ್ನು ನಮ್ಮ ಸಾಂಗ್ಲಿ ಜಿಲ್ಲೆಯವರು 2019ರಲ್ಲೇ ನೋಡಿದ್ದಾರೆ. ಇಸ್ಲಾಂಪುರದಿಂದ ಎದ್ದ ಕಡಕನಾಥ ಹಗರಣ ಅದು. ಕರಿ ಕೋಳಿ ಸಾಕಿರಿ, ತತ್ತಿಯನ್ನು ಭಾರಿ ದರಕ್ಕೆ ನಾವೇ ಕೊಳ್ಳುತ್ತೇವೆ ಎಂದು ಹಣ ಕಟ್ಟಿಸಿಕೊಂಡವರು ಕೈ ಎತ್ತಿದರು. ಸಾವಿರಾರು ರೈತರ ಕೊಟ್ಟಿಗೆಯಲ್ಲಿ ಉಳಿದದ್ದು ಕೋಳಿ ಮತ್ತು ಅದರ ಹಸಿವು. ಆಗಲಿ, ಈ ಕತೆ ಬೆಳೆಸುವುದು ಬೇಡ, ಕೋಳಿಗಿಂತ ಮನುಷ್ಯರದೇ ಹೆಚ್ಚಾದೀತು.

ಜವಾರಿ ಕೋಳಿ ವರ್ಷಕ್ಕೆ ಅರವತ್ತು ಎಪ್ಪತ್ತು ತತ್ತಿ ಇಟ್ಟರೆ ದೊಡ್ಡದು. ಬೆಂಗಳೂರಿನ ಹೆಬ್ಬಾಳದಲ್ಲಿ ರೂಪುಗೊಂಡ ಗಿರಿರಾಜ ಹಿತ್ತಲ ಮೇವಿನ ಮೇಲೆ ಅದರ ಎರಡರಷ್ಟು ಕೊಡಬಲ್ಲದು. ಪಂಜರದ ಕೋಳಿ ಮುನ್ನೂರು ದಾಟುತ್ತದೆ. ದಿನಕ್ಕೊಂದು ಇಡುವ ಆ ಪಂಜರದ ಜೀವಕ್ಕೆ ಸಿಪ್ಪೆ ಹಾಕಿ ನೋಡಿ, ನಾಲ್ಕೇ ದಿನಕ್ಕೆ ನಿಂತುಬಿಡುತ್ತದೆ. ಜವಾರಿಯದು ಹಾಗಲ್ಲ, ಸಿಕ್ಕಷ್ಟು ತಿಂದು, ಆದಷ್ಟು ಇಟ್ಟು, ಬೇಜಾರಾದರೆ ಕಾವಿಗೆ ಕೂರುತ್ತದೆ. ಕಾಕುನ ಸಿಪ್ಪಿ ಸೋವಿ ಆಗುವುದು ಇಂಥ ಕೋಳಿಗೆ ಮಾತ್ರ. ಅದೂ ಹೇಗಿದ್ದರೂ ತಿಪ್ಪೆಗೆ ಹೋಗುವ ಸಿಪ್ಪಿ ಅಂತ. ಕೋಳಿಗೆಂದು ಪೇಟೆಯಲ್ಲಿ ಗಜ್ಜರಿ ಕೊಂಡವನಿಗೆ ತತ್ತಿ ಬೆಳ್ಳಿಯ ದರಕ್ಕೆ ಬಿದ್ದೀತು.

ಹಸಿರಿನ ಕತೆಯೂ ಸ್ವಲ್ಪ ಕೇಳಿ. ಜತ್ತ ತಾಲೂಕಿನ ಪೂರ್ವದ ಮಗ್ಗುಲು ಮಳೆಯ ನೆರಳಿನದು. 2022ರ ಕೊನೆಗೆ ಮಹಾರಾಷ್ಟ್ರ-ಕರ್ನಾಟಕ ಗಡಿ ಗದ್ದಲದ ನಡುವೆ ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರು ನಮ್ಮ ತಾಲೂಕಿನ ತಿಕೊಂಡಿ ಕೆರೆಗೆ ಬಂದಾಗ ಜನ ಜಾತ್ರೆಗೆ ಹೋದಂತೆ ನೋಡಲು ಹೋದರು ಅಂದರೆ ನೀರಿನ ಬೆಲೆ ತಿಳಿದೀತು. ಇಂಥಲ್ಲಿ ಅಜೋಲಾ ಬೆಳೆಸಿರಿ ಅನ್ನುವವರಿಗೆ ನಾನು ಕೈ ಮುಗಿಯುತ್ತೇನೆ. ಒಣಗಿಸಿದರೆ ನೂರಕ್ಕೆ ಇಪ್ಪತ್ತಕ್ಕೂ ಮೇಲೆ ಪ್ರೋಟೀನ್ ಇರುವ ಸೊಪ್ಪು ಹೌದು, ಕೋಳಿಗೆ ಪ್ರಾಣ ಹೌದು. ಆದರೆ ನಲವತ್ತು ಡಿಗ್ರಿ ಬಿಸಿಲಿಗೆ ಅದು ತಾಳುವುದಿಲ್ಲ, ಟ್ಯಾಂಕರ್ ನೀರು ಸುರಿದು ಅದನ್ನು ಬೆಳೆಸುವ ಭಾಗ್ಯ ನಮಗೆ ಬೇಡ. ನಮ್ಮ ನೆಲಕ್ಕೆ ಸರಿಯಾದ ಗಿಡ ನುಗ್ಗೆ. ಒಣ ಎಲೆಯಲ್ಲಿ ಕಾಲು ಭಾಗ ಪ್ರೋಟೀನ್. ಕಾಕುನ ನುಗ್ಗೆಗಿಡ ಬುಡ ಅವರ ಕಡೆ, ಟೊಂಗೆ ನಮ್ಮ ಕಡೆ. ಕಾಯಿ ಅವರದು, ಉದುರುವ ಎಲೆ ನಮ್ಮದು ಎಂದು ಮಾತು ಕೊಟ್ಟು ತಗೊಂಡು ಆಗಿದೆ. ಉಳ್ಳಾಗಡ್ಡಿ ದರ ಬಿದ್ದ ವರ್ಷ ಕಾಕು ಅದನ್ನೂ ಬುಟ್ಟಿ ತುಂಬಿ ತಂದಿದ್ದರು. ಬೇಡ ಅಂದೆ. ಹೆಚ್ಚಾದರೆ ದನದ ರಕ್ತವನ್ನೇ ಕೆಡಿಸುವ ಪದಾರ್ಥ ಅದು. ದ್ರಾಕ್ಷಿ ತೋಟದ ಉದುರು ಹಣ್ಣಿಗೂ ನನ್ನ ಉತ್ತರ ಅದೇ, ಆ ತೋಟಕ್ಕೆ ಹೊಡೆಯುವ ಔಷಧದ ವಾಸನೆ ರಸ್ತೆಯವರೆಗೆ ಬರುತ್ತದೆ. ಬೇದಾಣಿ, ಅಂದರೆ ಒಣದ್ರಾಕ್ಷಿ, ಶೆಡ್ಡಿನ ಗಸಿಯದೂ ಅಷ್ಟೆ, ಒಣಗಿಸುವ ಮೊದಲು ಎಣ್ಣೆ-ಪುಡಿಯ ದ್ರಾವಣದಲ್ಲಿ ಅದ್ದಿ, ಆಮೇಲೆ ಗಂಧಕದ ಹೊಗೆ ಕೊಡುತ್ತಾರೆ.

ಇಷ್ಟೆಲ್ಲ ಆದ ಮೇಲೂ ಕಣಕಿಯ ಪ್ರಶ್ನೆಯನ್ನು ಕಾಕು ಬಿಟ್ಟಿರಲಿಲ್ಲ. "ಆಕಳಾ ಬಿಟ್ಟು ಉಳಿದ ಕಣಕಿ ಹಂಗs ಬಿದ್ದದಲ್ಲೋ."

ಕಣಕಿಯನ್ನು ಕೋಳಿಗೆ ತಿನ್ನಿಸುವ ದಾರಿ ಒಂದಿದೆ, ಸ್ವಲ್ಪ ಸುತ್ತಿನದು. ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ, ಟೋಗೊ ದೇಶಗಳಲ್ಲಿ ಒಂದು ಗಡಿಗೆಗೆ ಒಣ ಕಣಕಿ, ಸೆಗಣಿ ತುಂಬಿ, ನೀರು ಚಿಮುಕಿಸಿ, ಗೆದ್ದಲಿ ಓಡಾಡುವ ತೂತಿನ ಮೇಲೆ ಬೋರಲು ಹಾಕುತ್ತಾರೆ. ನಮ್ಮಂತೆಯೇ ಜೋಳ, ಸಜ್ಜೆ ಬೆಳೆದು ಉಣ್ಣುವ ಒಣ ಸೀಮೆಯವರು ಅವರು. ನಾರು ಪಚನ ಮಾಡುವುದರಲ್ಲಿ ಗೆದ್ದಲಿಯನ್ನು ಮೀರಿಸಿದವರಿಲ್ಲ. ಕೋಳಿಗೆ ದಕ್ಕದ ಕಣಕಿ ಗೆದ್ದಲಿಗೆ ದಕ್ಕುತ್ತದೆ, ಗೆದ್ದಲಿ ಕೋಳಿಗೆ ದಕ್ಕುತ್ತದೆ. ಒಂದೂ ಹಿಂಡಿ ಕೊಳ್ಳದೆ ಪ್ರೋಟೀನ್ ಕೈಗೆ ಬಂತು.

ಬಾಯಿ ಒಡೆದ ಹಳೆಯ ಗಡಿಗೆಯೊಂದನ್ನು ಹಿಡಿದು ನಾನು ಹೊರಟದ್ದನ್ನು ನೋಡಿ ಕಾಕು ಬೇಲಿಗೆ ಬಂದು ನಿಂತರು. "ಏ, ಹುತ್ತಕ್ಕ ಕೈ ಹಚ್ಚೀಯ ಮತ್ತ! ನಾಗಪ್ಪ ಇರ್ತಾನ."

ಹುತ್ತದ ಸನಿಹವೂ ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ಹೋಗುವ ಅಗತ್ಯವೂ ಇರಲಿಲ್ಲ. ಹಿತ್ತಲ ಕಟ್ಟಿಗೆ ಒಟ್ಟಿದ ಜಾಗದಲ್ಲಿ ಗೆದ್ದಲಿ ಕಟ್ಟಿದ ಮಣ್ಣಿನ ಗೆರೆಗಳು ಎಷ್ಟು ಬೇಕಾದರೂ ಇವೆ. ಸಂಜೆ ಬೋರಲು ಹಾಕಿದ ಗಡಿಗೆಯನ್ನು ಒಂದೆರಡು ದಿನ ಬಿಟ್ಟು ಬೆಳಕು ಹರಿಯುವ ಹೊತ್ತಿಗೆ ಎತ್ತಬೇಕು. ಬಿಸಿಲೇರಿದರೆ ಹುಳ ನೆಲಕ್ಕೆ ಇಳಿದುಬಿಡುತ್ತವೆ. ಒದ್ದೆ ಕಣಕಿಯ ತುಂಬ ಮಣ್ಣಿನ ಸುರಂಗ, ಕೊಡವಿದರೆ ಅಕ್ಕಿ ನುಚ್ಚು ಸುರಿದಂತೆ ಬಿಳಿ ಹುಳ. ಕೋಳಿಗಳು ಮೊದಲ ಸಲ ಕತ್ತು ಓರೆ ಮಾಡಿ ಒಂದು ಕಣ್ಣಿನಿಂದ ನೋಡಿದವು. ಒಂದು ಹೇಂಟೆ ಕುಕ್ಕಿತು. ಆಮೇಲೆ ನನ್ನ ಕಾಲ ಮೇಲೆ ಹತ್ತಿ ಇಳಿದು ಕೆದರಿದ ಗದ್ದಲದಲ್ಲಿ ಗಡಿಗೆ ಇನ್ನೊಂದು ಚೂರು ಒಡೆಯಿತು. ಗಾತ್ರದಲ್ಲಿ ಅದು ಒಂದು ಬೊಗಸೆಯ ಮೇವು, ಚೀಲದ ಫೀಡನ್ನು ಪೂರ್ತಿ ಬಿಡಿಸುವಂಥದ್ದಲ್ಲ. ಮರಿಗಳಿಗೆ ಮಾತ್ರ ಅದರಷ್ಟು ಒಳ್ಳೆಯದು ನಾನು ಬೇರೆ ಕಂಡಿಲ್ಲ. ಮೊದಲಿನವರು ಕೋಳಿಗೆ ಏನೂ ಹಾಕುತ್ತಿರಲಿಲ್ಲ ಅನ್ನುವುದೂ ಪೂರ್ತಿ ಖರೆಯಲ್ಲ. ಅವರು ತಿಪ್ಪೆಗೆ ಹಾಕುತ್ತಿದ್ದರು, ತಿಪ್ಪೆಯೊಳಗಿನ ಹುಳ ಕೋಳಿಗೆ ಹಾಕುತ್ತಿತ್ತು.

ಹುಳ ತಿನ್ನಿಸಿದ ಸುದ್ದಿ ಕಾಕುಗೆ ಸೇರಲಿಲ್ಲ. ನಾಲ್ಕು ದಿನ ಸಿಪ್ಪಿ ಬರಲಿಲ್ಲ. ಐದನೇ ದಿನ ಬಂತು, ಅದರ ಹಿಂದೆಯೇ ಕಾಕುನೂ ಬಂದರು.

"ಇಷ್ಟು ದಿನಾ ಹಾಕೀನಿ. ನಂಗೇನ ಕೊಟ್ಟಿ ನೀ?"

ನಾನು ತಲೆ ಕೆರೆದುಕೊಂಡೆ. ತತ್ತಿ ಕೊಡುವಂತಿಲ್ಲ, ಕೋಳಿಯ ಮಾತೇ ಇಲ್ಲ.

"ಗೊಬ್ಬರ ಕೊಡು. ದ್ರಾಕ್ಷಿ ತ್ವಾಟದವರು ರೊಕ್ಕಾ ಕೊಟ್ಟು ಒಯ್ತಾರಂತ. ನಮ್ಮ ಮಲ್ಲಿಗಿ ಬಳ್ಳಿ, ಕರಿಬೇವು ಎರಡೂ ಸೊರಗ್ಯಾವ."

"ಹಸೀದು ಹಾಕಬ್ಯಾಡ್ರಿ ಕಾಕೂ, ಅದು ಭಾಳ ಉಷ್ಣ, ಬೇರು ಸುಡ್ತದ. ಒಣಾ ಎಲಿ ಕೂಡಿಸಿ ಎರಡು ಮೂರು ತಿಂಗಳಾ ಕೊಳಸಬೇಕು. ಕೊಳತದ್ದು ಎರಡ ಬುಟ್ಟಿ ಅದ, ತಗೋರಿ."

"ಮೂರು."

"ಆತ್ರಿ, ಮೂರು."

"ಮತ್ತ ಅದರಾಗ ಪುಕ್ಕ ಒಂದs ಒಂದೂ ಇರಬಾರದು. ದೇವರಿಗೆ ಏರಸೂ ಮಲ್ಲಿಗಿ ಅದು."

"ಪುಕ್ಕ ಆರಸಾಕ ಆಳ ಹಚ್ಚಬೇಕಾಗ್ತದ್ರಿ!"

"ನಮ್ಮ ಮೊಮ್ಮಗ ಸೂಟಿಗೆ ಬಂದಾನ, ಅವನ್ನ ಕಳಸ್ತೀನಿ. ಪುಣೇದಾಗ ಹಾಸ್ಟೆಲಿನಾಗ ಏನೇನ ತಿಂತಾನೋ ಯಾರಿಗೆ ಗೊತ್ತು. ಕೂಲಿ ಅಂತ ಅವಂಗ ಏನ್ ಕೊಡ್ತಿ ಕೊಡು," ಕಾಕು ಸೆರಗು ಸರಿಮಾಡಿಕೊಂಡು ತಿರುಗಿದರು, "ನಂಗೇನ ಹೇಳಬ್ಯಾಡ."